ಇಮ್ಯಾನುಯೆಲನ ಡ್ರಮ್ಮು, ಕಡಂಬರ ಗಂಟಲು

ಕಲ್ಯಾಣಪುರದ ಇಮ್ಯಾನುಯೆಲ್ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದ ಎಂದರೆ ಏನೂ ಹೇಳಿದಂತಾಗಲಿಲ್ಲ. ಅವನು ಇಗರ್ಜಿಯ ಅಂಗಳದಲ್ಲಿ ನಿಂತು ಒಂದು ಪೆಟ್ಟು ಕೊಟ್ಟರೆ ಹೊಳೆಗಳ ಆಚೆ ಬಾರ್ಕೂರಿನಲ್ಲಿ ತೆಂಗಿನಕಾಯಿ ಬೀಳುತ್ತಿತ್ತು. ಕಲ್ಯಾಣಪುರದಲ್ಲಿ ಮದುವೆ ಇದ್ದ ದಿನ ಬಾರ್ಕೂರಿನವರು ಕಾಯಿ ಕೀಳಲಿಕ್ಕೆ ಆಳು ಕರೆಯುತ್ತಿರಲಿಲ್ಲವಂತೆ. ಬುಟ್ಟಿ ಹಿಡಿದು ಮರದ ಕೆಳಗೆ ನಿಂತರೆ ಸಾಕು. ನಂಬದವರು ಬಾರ್ಕೂರಿಗೆ ಹೋಗಿ ವಿಚಾರಿಸಬಹುದು. ಆ ಕಾಲದ ಮುದುಕರೆಲ್ಲ ತೀರಿಹೋಗಿದ್ದಾರೆ, ಆದ್ದರಿಂದ ಯಾರೂ ಸುಳ್ಳೆನ್ನಲಾರರು.

ಇಮ್ಯಾನುಯೆಲನಿಗೆ ಮದುವೆಯಾಗಿರಲಿಲ್ಲ. ಡ್ರಮ್ಮು ಹೊಟ್ಟೆಗೆ ಕಟ್ಟಿಕೊಂಡವನ ಹತ್ತಿರ ಹೆಣ್ಣು ಬಂದು ನಿಲ್ಲಲಿಕ್ಕೆ ಜಾಗ ಎಲ್ಲುಂಟು ಎಂದು ಅವನೇ ತಮಾಷೆ ಮಾಡುತ್ತಿದ್ದ. ಮನೆಯಲ್ಲಿ ಇದ್ದವಳು ತಮ್ಮ ಅಲೆಕ್ಸನ ಹೆಂಡತಿ ಸೆಲೀನ್. ಅಲೆಕ್ಸ್ ಮಾತ್ರ ಮನೆಯಲ್ಲಿರಲಿಲ್ಲ. ಮದುವೆಯಾದ ಮಳೆಗಾಲ ಮುಗಿಯುತ್ತಲೇ ಬೊಂಬಾಯಿಗೆ ಹೋಗಿ, ‘ಮರೀನಾ’ ಎಂಬ ಸರಕಿನ ಹಡಗಿನಲ್ಲಿ ಅಡುಗೆಯವನಾಗಿ ಸೇರಿದ್ದ. ಹಡಗಿನ ಒಡೆಯರು ಯಾವ ದೇಶದವರೋ, ಬಾವುಟ ಪನಾಮಾ ದೇಶದ್ದು. ಏಡನ್ನಿನಿಂದ ಒಂದು ಕಾರ್ಡು ಬಂತು. ‘ಇಲ್ಲಿ ಬಿಸಿಲು ಬಹಳ. ಸೆಲೀನ್ ಕೊಟ್ಟ ಉಪ್ಪಿನಕಾಯಿ ಕ್ಯಾಪ್ಟನನೇ ತಿಂದು ಮುಗಿಸಿದ.’ ಅದೇ ಕೊನೆ. ಆಮೇಲೆ ಕಾರ್ಡು ಇಲ್ಲ, ಹಡಗೂ ಇಲ್ಲ. ಬೊಂಬಾಯಿಯಲ್ಲಿ ಕೆಲಸ ಕೊಡಿಸಿದ ಏಜೆಂಟನ ಆಫೀಸಿಗೆ ಬರೆದರೆ, ಆ ಆಫೀಸು ಇದ್ದ ಜಾಗದಲ್ಲಿ ಈಗ ಹಾಲಿನಂಗಡಿ ಉಂಟು ಎಂದು ಉತ್ತರ ಬಂತು. ಬರೆದವನು ಹಾಲಿನಂಗಡಿಯವನೇ.

ಹೀಗಾಗಿ ಸೆಲೀನ್ ಹೆಂಡತಿಯೋ ವಿಧವೆಯೋ ಯಾರಿಗೂ ತಿಳಿಯದಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಸೆಪ್ಟೆಂಬರಿನ ತೆನೆ ಹಬ್ಬ. ನಮ್ಮ ಕ್ರಿಶ್ಚಿಯನ್ನರ ಮನೆಗಳಲ್ಲಿ ಆ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ತಂದು, ಕಾಳನ್ನು ಪುಡಿಮಾಡಿ ಹಾಲಿಗೆ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕುಡಿದು, ಬಾಳೆಲೆಯಲ್ಲಿ ಊಟ ಮಾಡುವುದು ಕ್ರಮ. ಪರವೂರಿನಲ್ಲಿ ಇದ್ದವರ ಪಾಲಿನ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಸತ್ತವರಿಗೆ ಪಾಲಿಲ್ಲ. ಅಲೆಕ್ಸನಿಗೆ ಪಾಲು ಉಂಟೋ ಇಲ್ಲವೋ? ಸೆಲೀನ್ ಅವನಿಗೂ ಒಂದು ಎಲೆ ಹಾಕಿದಳು, ಅವನ ಪಾಲಿನ ಕಾಳನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿದಳು. ಕಳಿಸಲಿಕ್ಕೆ ವಿಳಾಸವಿಲ್ಲದ್ದರಿಂದ ಪ್ರಾರ್ಥನೆಯ ಪೀಠದ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಳು.

ಇನ್ನು ಕಡಂಬರು. ಪದ್ಮಯ್ಯ ಕಡಂಬರು ನಮ್ಮ ಪಾರ್ಲಿಮೆಂಟು ಸದಸ್ಯರು, ಕಾರ್ಕಳದವರು. ಹೆಸರು ನಾನು ಇಟ್ಟದ್ದು, ಕ್ಷೇತ್ರದ ಗಡಿಯನ್ನೂ ನಾನೇ ಎಳೆದದ್ದು. ಹಳೆಯ ಪಟ್ಟಿಗಳಲ್ಲಿ ಹುಡುಕಿ ಕಣ್ಣು ಹಾಳುಮಾಡಿಕೊಳ್ಳಬೇಡಿ. ಎರಡನೇ ಮಹಾಚುನಾವಣೆಯಲ್ಲಿ ಗೆದ್ದಾಗ ಉಡುಪಿಯಲ್ಲಿ ಅವರ ಮೆರವಣಿಗೆ ಹೊರಟಿತು. ಜೀಪಿನಲ್ಲಿ ಕಡಂಬರು, ಜೀಪಿನ ಹಿಂದೆಯೇ ನಮ್ಮ ಬ್ಯಾಂಡು, ಬ್ಯಾಂಡಿನ ಮುಂದೆ ಇಮ್ಯಾನುಯೆಲ್. ರಥಬೀದಿ ತಲುಪುವಷ್ಟರಲ್ಲಿ ಕಡಂಬರ ಕೊರಳಿನ ಹಾರದ ಸೇವಂತಿಗೆಯೆಲ್ಲ ಉದುರಿ ದಾರ ಮಾತ್ರ ಉಳಿದಿತ್ತು. ಅವರು ಬಗ್ಗಿ ಇಮ್ಯಾನುಯೆಲನನ್ನು ಹತ್ತಿರ ಕರೆದರು.

‘ಸ್ವಲ್ಪ ಮೆಲ್ಲಗೆ ಬಾರಿಸು ಮಾರಾಯ. ಈ ಕಿವಿಯನ್ನು ದೆಹಲಿಗೆ ತೆಗೆದುಕೊಂಡು ಹೋಗಲಿಕ್ಕುಂಟು.’

ಇಮ್ಯಾನುಯೆಲ್ ಸಿಕ್ಕಿದ ಸಮಯ ಬಿಡಲಿಲ್ಲ. ಜೀಪಿನ ಪಕ್ಕದಲ್ಲಿ ಓಡುತ್ತಲೇ ಅಲೆಕ್ಸನ ಕಥೆ, ಮರೀನಾದ ಕಥೆ, ಏಡನ್ನಿನ ಕಾರ್ಡಿನ ಕಥೆ ಎಲ್ಲ ಹೇಳಿದ. ಕಡಂಬರು ಅವನ ಭುಜದ ಮೇಲೆ ಕೈಯಿಟ್ಟರು.

‘ಕೇಳುತ್ತೇನೆ. ಪಾರ್ಲಿಮೆಂಟಿನಲ್ಲಿಯೇ ಕೇಳುತ್ತೇನೆ. ಸರಕಾರ ಉತ್ತರ ಕೊಡದೆ ಎಲ್ಲಿಗೆ ಹೋಗುತ್ತದೆ?’

ಆ ಕೈ ತಾಗಿದ ಬ್ಯಾಂಡಿನ ಕೋಟನ್ನು ಇಮ್ಯಾನುಯೆಲ್ ಮುಂದಿನ ಈಸ್ಟರಿನವರೆಗೆ ಒಗೆಯಲಿಲ್ಲ. ಸಂತೆಕಟ್ಟೆಯಲ್ಲಿ ಎಲ್ಲರೆದುರು ಶಪಥ ಮಾಡಿದ: ಕಡಂಬರು ಪಾರ್ಲಿಮೆಂಟಿನಲ್ಲಿ ಬಾಯಿ ತೆರೆದ ಸುದ್ದಿ ಬಂದ ದಿನ ಇದೇ ಕಟ್ಟೆಯ ಮೇಲೆ ನಿಂತು ಡ್ರಮ್ಮು ಬಾರಿಸುತ್ತೇನೆ, ಊರೆಲ್ಲ ಬಂದು ಕೇಳಲಿ.

ಊರು ಕಾಯಿತು. ಬಾರ್ಕೂರಿನವರೂ ಬುಟ್ಟಿ ಹಿಡಿದು ಕಾದರು.

ಕಡಂಬರು ದೆಹಲಿಯಲ್ಲಿ ಏನು ಮಾಡುತ್ತಾರೆಂದು ತಿಳಿಯುವುದು ಹೇಗೆ? ಪೇಪರಿನಲ್ಲಿ ಅವರ ಹೆಸರು ಬರುತ್ತಿರಲಿಲ್ಲ. ಆ ದಾರಿಯನ್ನು ತೋರಿಸಿದವನು ಬದ್ರುದ್ದೀನ್. ಕಾಪುವಿನಿಂದ ಬಂದು ಸಂತೆಕಟ್ಟೆಯಲ್ಲಿ ಒಣಮೀನು, ಬೆಲ್ಲ, ಮೆಣಸಿನ ಅಂಗಡಿ ಇಟ್ಟಿದ್ದ ಬ್ಯಾರಿ, ಎಂದರೆ ನಮ್ಮ ಕರಾವಳಿಯ ಮುಸ್ಲಿಮ. ಸಾಮಾನು ಕಟ್ಟಲಿಕ್ಕೆ ಹಳೆಯ ಕಾಗದವನ್ನು ತೂಕದ ಮೇಲೆ ಕೊಳ್ಳುತ್ತಿದ್ದ. ನಮ್ಮ ಕ್ರಿಶ್ಚಿಯನ್ನರನ್ನು ಅವನು ಪೊರ್ಬುಗಳೆಂದೇ ಕರೆಯುವುದು. ಒಂದು ದಿನ ಇಮ್ಯಾನುಯೆಲನನ್ನು ಕೂಗಿ ಕರೆದ.

‘ಪೊರ್ಬುಗಳೇ, ಕಾರ್ಕಳದಿಂದ ರದ್ದಿ ಬಂದಿದೆ. ನಿಮ್ಮ ಕಡಂಬರ ಮನೆಯದ್ದು. ಪಾರ್ಲಿಮೆಂಟಿನ ಪುಸ್ತಕಗಳಂತೆ.’

‘ಪಾರ್ಲಿಮೆಂಟಿನದ್ದಾ? ಎಂತ ಉಂಟು ಅದರಲ್ಲಿ?’

‘ಅಲ್ಲಿ ಯಾರು ಎಂತ ಮಾತಾಡಿದರು, ಯಾರು ಯಾವ ಕಡೆಗೆ ಓಟು ಹಾಕಿದರು, ಎಲ್ಲ ಅಚ್ಚು ಹಾಕಿಸಿ ಸದಸ್ಯರಿಗೆ ಧರ್ಮಕ್ಕೆ ಕಳಿಸುತ್ತಾರಂತೆ. ಇವರು ಕಟ್ಟಿದ ದಾರವನ್ನೂ ಬಿಚ್ಚಲಿಲ್ಲ, ನೋಡಿ. ನನಗೆ ಒಳ್ಳೆಯದೇ ಆಯಿತು. ಗಟ್ಟಿ ಕಾಗದ. ಬಂಗುಡೆಯ ಎಣ್ಣೆ ಕೂಡ ಇಳಿಯುವುದಿಲ್ಲ.’

ಅಂದಿನಿಂದ ಇಬ್ಬರಿಗೂ ಒಂದು ಒಪ್ಪಂದವಾಯಿತು. ಕಾರ್ಕಳದ ಕಟ್ಟು ಬಂದರೆ ಮೊದಲು ಇಮ್ಯಾನುಯೆಲ್ ಓದಬೇಕು, ಆಮೇಲೆ ಒಣಮೀನು. ಪಾದ್ರಿಗಳ ಶಾಲೆಯಲ್ಲಿ ಕಲಿತ ಇಂಗ್ಲಿಷು ಅವನಲ್ಲಿ ಅಷ್ಟಿಷ್ಟು ಉಳಿದಿತ್ತು. ಉಳಿದದ್ದನ್ನು ಊಹೆಯಿಂದ ತುಂಬುತ್ತಿದ್ದ. ಅರ್ಥವಾಗದ ಕಡೆ ‘ಇಲ್ಲಿ ಏನೋ ದೊಡ್ಡ ಜಗಳ ಆಗಿದೆ’ ಎಂದು ಮುಂದೆ ಹೋಗುತ್ತಿದ್ದ. ಅಂಗಡಿಯ ಬೆಲ್ಲದ ಡಬ್ಬದ ಮೇಲೆ ಕುಳಿತು ಅವನು ಓದಿದಷ್ಟು ಪಾರ್ಲಿಮೆಂಟನ್ನು ಆ ಕಾಲದಲ್ಲಿ ಇಡೀ ದೇಶದಲ್ಲಿ ಯಾರೂ ಓದಿರಲಿಕ್ಕಿಲ್ಲ. ಅಲ್ಲಿ ಮಾತನಾಡಿದವರು ತಮ್ಮ ತಮ್ಮ ಭಾಷಣ ಮಾತ್ರ ಓದುತ್ತಿದ್ದರು. ಇವನು ಎಲ್ಲರದ್ದನ್ನೂ ಓದಿದ. ಸಕ್ಕರೆಯ ಭಾಷಣ, ಉಕ್ಕಿನ ಭಾಷಣ, ಯಾವುದೋ ಮರುಭೂಮಿಗೆ ನೀರು ಹಾಯಿಸುವ ಭಾಷಣ. ಕಡಂಬರದ್ದು ಮಾತ್ರ ಇಲ್ಲ.

‘ಇದ್ದಾರಾ?’ ಎಂದು ಬದ್ರುದ್ದೀನ್ ತಕ್ಕಡಿ ಹಿಡಿದುಕೊಂಡೇ ಕೇಳುವನು.

‘ಇದ್ದಾರೆ. ಮಾತಾಡಲಿಲ್ಲ.’

‘ಇದ್ದಾರೆ ಅಂತ ಹೇಗೆ ಗೊತ್ತು?’

‘ಓಟಿನ ಪಟ್ಟಿಯಲ್ಲಿ ಹೆಸರುಂಟು. ಹೌದು ಅಂತ ಗುಂಡಿ ಒತ್ತಿದ್ದಾರೆ.’

ಹೌದು ಎಂಬ ಗುಂಡಿಯೊಂದೇ ಅವರಿಗೆ ಗೊತ್ತಿದ್ದಂತೆ ಕಾಣುತ್ತದೆ. ಸರಕಾರ ಏನು ತಂದರೂ ಹೌದು. ಒಂದೇ ಒಂದು ಸಲ ಅವರ ಹೆಸರು ‘ಇಲ್ಲ’ ಎಂದವರ ಪಟ್ಟಿಯಲ್ಲಿ ಸಿಕ್ಕಿತು. ಇಮ್ಯಾನುಯೆಲ್ ಬೆಲ್ಲದ ಡಬ್ಬದಿಂದ ಹಾರಿ ಇಳಿದ. ಮನುಷ್ಯನಿಗೆ ಧೈರ್ಯ ಬಂತು, ಇನ್ನು ಬಾಯಿಯೂ ಬರುತ್ತದೆ ಎಂದು ಅಂಗಡಿಯಲ್ಲಿ ಇದ್ದವರಿಗೆಲ್ಲ ಚಹಾ ಹೇಳಿದ. ಚಹಾ ಬರುವಷ್ಟರಲ್ಲಿ ಅದೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಕಂಡಿತು. ಮಾನ್ಯ ಸದಸ್ಯರು ತಪ್ಪಿ ಬೇರೆ ಗುಂಡಿ ಒತ್ತಿದರು ಎಂದಿತ್ತು. ಬಂದ ಚಹಾವನ್ನು ಎಲ್ಲರೂ ಕುಡಿದು ಮುಗಿಸಿದರು.

ಕಡಂಬರ ಮೌನ ಎಷ್ಟು ಆಳವಾಗಿತ್ತೆಂದರೆ, ಅದರೆದುರು ಕಾರ್ಕಳದ ಗೊಮ್ಮಟನು ಸಹ ದಿನವಿಡೀ ಹರಟೆ ಹೊಡೆಯುವವನ ಹಾಗೆ ಕಾಣಬೇಕು. ಗೊಮ್ಮಟನಿಗಾದರೂ ಸರಕಾರ ಭತ್ಯೆ ಕೊಡುವುದಿಲ್ಲ. ಇವರಿಗೆ ತಿಂಗಳಿಗೆ ನಾಲ್ಕು ನೂರು, ಸಭೆಯಲ್ಲಿ ಕುಳಿತ ದಿನಕ್ಕೆ ಇಪ್ಪತ್ತೊಂದು ರೂಪಾಯಿ ಬೇರೆ, ರೈಲಿನಲ್ಲಿ ಒಂದನೇ ಕ್ಲಾಸು. ಅದರ ಬಗ್ಗೆ ಇಮ್ಯಾನುಯೆಲನಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಮಂಗಳೂರಿನಿಂದ ಮದರಾಸು, ಮದರಾಸಿನಿಂದ ದೆಹಲಿ ಎಂದು ಅಷ್ಟು ದಿನ ರೈಲಿನಲ್ಲಿ ಅಲ್ಲಾಡಿದವನಿಗೆ ತಲುಪಿದ ಮೇಲೆ ಮಾತು ಎಲ್ಲಿ ಉಳಿದೀತು ಎನ್ನುತ್ತಿದ್ದ. ಸಿಟ್ಟು ಬಂದದ್ದು ಬದ್ರುದ್ದೀನನಿಗೆ, ಅದೂ ಬೇರೆಯೇ ಕಾರಣಕ್ಕೆ. ಯಾವುದೋ ಸಮಿತಿಯ ಜೊತೆಗೆ ಕಡಂಬರು ಸರಕಾರದ ಖರ್ಚಿನಲ್ಲಿ ಅಂಡಮಾನಿನ ದೀಪಸ್ತಂಭ ನೋಡಿಬಂದರೆಂದು ಒಂದು ಕಟ್ಟಿನಲ್ಲಿ ಸಿಕ್ಕಿತು.

‘ನಮ್ಮ ಕಾಪುವಿನಲ್ಲಿ ದೀಪಸ್ತಂಭ ಇಲ್ಲವಾ?’ ಎಂದು ಅವನು ಮೆಣಸಿನ ಮೂಟೆಯನ್ನು ಗುದ್ದಿದ. ‘ಇವರ ಮನೆಯಿಂದ ಒಂದು ಬಸ್ಸಿನ ದಾರಿ. ಅದನ್ನು ಬಿಟ್ಟು ಸಮುದ್ರ ದಾಟಿ ಹೋಗುವುದಾ? ಅಲ್ಲಿಯ ದೀಪ ಎಂತ, ಬೆಣ್ಣೆಯಲ್ಲಿ ಉರಿಯುತ್ತದಾ?’

ಮೆಣಸಿನ ಧೂಳು ಎದ್ದು ಅಂಗಡಿಯವರೆಲ್ಲ ಸೀನಿದರು. ಆ ಸೀನು ಒಬ್ಬರಿಂದೊಬ್ಬರಿಗೆ ಹತ್ತಿ ಬ್ರಹ್ಮಾವರದವರೆಗೆ ಹೋಯಿತು ಎನ್ನುತ್ತಾರೆ.

ಇಮ್ಯಾನುಯೆಲ್ ಮಾತ್ರ ಯೋಚಿಸುತ್ತ ಕುಳಿತ. ‘ಬ್ಯಾರಿಗಳೇ, ನಮ್ಮ ಪರವಾಗಿ ಕೇಳುತ್ತೇನೆ ಅಂತ ಭುಜ ಮುಟ್ಟಿ ಹೇಳಿದ ಮನುಷ್ಯ. ಬೇಕೆಂದು ಸುಮ್ಮನಿರಲಿಕ್ಕಿಲ್ಲ. ಅವರ ಗಂಟಲಿಗೇ ಎಂತದೋ ಆಗಿರಬೇಕು.’

ಗಂಟಲಿನ ರೋಗಕ್ಕೆ ನಮ್ಮಲ್ಲಿ ಸಂತ ಬ್ಲೇಸ್ ಇದ್ದಾರೆ. ಫೆಬ್ರವರಿಯಲ್ಲಿ ಅವರ ಹಬ್ಬದ ದಿನ ಪಾದ್ರಿಗಳು ಎರಡು ಮೇಣದ ಬತ್ತಿಗಳನ್ನು ಕತ್ತರಿಯ ಹಾಗೆ ಹಿಡಿದು, ಒಬ್ಬೊಬ್ಬರ ಗಂಟಲಿಗೂ ತಾಗಿಸಿ ಆಶೀರ್ವದಿಸುತ್ತಾರೆ. ಆ ವರ್ಷ ಸಾಲಿನಲ್ಲಿ ಇಮ್ಯಾನುಯೆಲನೂ ನಿಂತ. ಸರದಿ ಬಂದಾಗ ತನ್ನ ಗಂಟಲನ್ನು ಒಡ್ಡದೆ, ಕೋಟಿನ ಒಳಗಿಂದ ಕಡಂಬರ ಚುನಾವಣೆಯ ಪೋಸ್ಟರನ್ನು ತೆಗೆದು ಬಿಡಿಸಿ ಹಿಡಿದ.

ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡರು. ‘ಇದು ಎಂತ ಇಮ್ಯಾನುಯೆಲ್?’

‘ನಮ್ಮ ಪಾರ್ಲಿಮೆಂಟಿನವರು, ಫಾದರ್.’

‘ಇವರ ಗಂಟಲಿನಲ್ಲಿ ಎಂತ ಉಂಟು?’

‘ಎಂತದೂ ಇಲ್ಲ ಫಾದರ್. ಅದೇ ತೊಂದರೆ.’

‘ತೊಂದರೆ ಇದ್ದರೆ ಮಣಿಪಾಲದಲ್ಲಿ ಡಾಕ್ಟರುಗಳು ಇದ್ದಾರೆ. ಕಾಗದಕ್ಕೆ ನಾನು ಆಶೀರ್ವಾದ ಕೊಡುವುದು ಹೇಗೆ?’

‘ಕಾಗದದಲ್ಲಿ ಬಿಟ್ಟು ಬೇರೆಲ್ಲೂ ಅವರು ಸಿಗುವುದಿಲ್ಲ ಫಾದರ್.’

ಹಿಂದೆ ಸಾಲು ಬೆಳೆಯುತ್ತಿತ್ತು, ಜನ ಕೆಮ್ಮುತ್ತಿದ್ದರು. ಪಾದ್ರಿಗಳು ನಿಟ್ಟುಸಿರು ಬಿಟ್ಟು ಬತ್ತಿಗಳನ್ನು ಪೋಸ್ಟರಿನ ಹತ್ತಿರ ತಂದರು. ಬತ್ತಿಯಿಂದ ಬಿಸಿ ಮೇಣದ ಒಂದು ದೊಡ್ಡ ಹನಿ ಜಾರಿ ಸರಿಯಾಗಿ ಕಡಂಬರ ತುಟಿಗಳ ಮೇಲೆ ಬಿದ್ದು ಗಟ್ಟಿಯಾಯಿತು. ಇಮ್ಯಾನುಯೆಲ್ ಅದನ್ನು ಉಗುರಿನಿಂದ ಕೆರೆಯಲು ಹೋಗಿ ಬಾಯಿಯನ್ನೇ ಹರಿದ. ಅವನ ಹಿಂದೆ ನಿಂತಿದ್ದ ಸೆಲೀನ್ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು.

ಬಿಸ್ಕತ್ತಿನ ಡಬ್ಬಿಯಲ್ಲಿ ಗಂಟುಗಳು ವರ್ಷಕ್ಕೊಂದರಂತೆ ಹೆಚ್ಚಿದವು. ಮೂರನೇ ಮಹಾಚುನಾವಣೆ ಬಂತು. ಕಡಂಬರಿಗೆ ಈ ಸಲ ಪಕ್ಷದ ಟಿಕೆಟು ಸಿಗಲಿಲ್ಲ. ಬೇಕೆಂದು ಅವರು ಬಾಯಿಬಿಟ್ಟು ಕೇಳಿರಲಿಕ್ಕಿಲ್ಲ ಎಂದು ಊರವರು ನಕ್ಕರು. ಬೇರೊಬ್ಬರು ಗೆದ್ದರು. ಮತ್ತೆ ಉಡುಪಿಯಲ್ಲಿ ಮೆರವಣಿಗೆ, ಮತ್ತೆ ಜೀಪು, ಮತ್ತೆ ನಮ್ಮ ಬ್ಯಾಂಡು. ಇಮ್ಯಾನುಯೆಲ್ ಮತ್ತೆ ಜೀಪಿನ ಪಕ್ಕದಲ್ಲಿ ಓಡಿದ. ಹೊಸಬರೂ ಭುಜದ ಮೇಲೆ ಕೈಯಿಟ್ಟು ಕೇಳುತ್ತೇನೆ ಎಂದರು. ಈ ಸಲ ಇನ್ನೊಂದು ಭುಜ. ಕೋಟನ್ನು ಅವನು ಮಾರನೆಯ ದಿನವೇ ಒಗೆದ.

ಆ ಆಗಸ್ಟಿನಲ್ಲಿ ಕಡಂಬರ ಮನೆಯಿಂದ ಕೊನೆಯ ರದ್ದಿ ಬಂತು. ಸಂತೆಯ ದಿನ. ಇಮ್ಯಾನುಯೆಲ್ ಅಭ್ಯಾಸಕ್ಕೆ ಬೆಲ್ಲದ ಡಬ್ಬದ ಮೇಲೆ ಕುಳಿತು ಪುಟ ತಿರುಗಿಸುತ್ತಿದ್ದ. ಇದ್ದಕ್ಕಿದ್ದಂತೆ ಕೈ ನಿಂತಿತು.

‘ಬ್ಯಾರಿಗಳೇ.’

‘ಎಂತ? ಪುನಃ ತಪ್ಪು ಗುಂಡಿಯಾ?’

‘ಕೇಳಿದ್ದಾರೆ. ಕಡಂಬರು ಕೇಳಿದ್ದಾರೆ! ಮರೀನಾ ಅಂತ ಅಚ್ಚಾಗಿದೆ, ನೋಡಿ, ಮರೀನಾ!’

ಹಳೆಯ ಪಾರ್ಲಿಮೆಂಟು ಮುಗಿಯುವ ಸ್ವಲ್ಪ ಮುಂಚೆ, ಲಿಖಿತ ಉತ್ತರದ ಪ್ರಶ್ನೆಗಳ ಗುಂಪಿನಲ್ಲಿ, ಪದ್ಮಯ್ಯ ಕಡಂಬರ ಹೆಸರಿನಲ್ಲಿ ಆ ಪ್ರಶ್ನೆ ಇತ್ತು. ಕೆಳಗಿನ ಉತ್ತರವನ್ನು ಓದುವಷ್ಟು ತಾಳ್ಮೆ ಇಮ್ಯಾನುಯೆಲನಿಗೆ ಎಲ್ಲಿಂದ? ಪುಸ್ತಕವನ್ನು ಬದ್ರುದ್ದೀನನ ಕೈಗೆ ತುರುಕಿ ಕಲ್ಯಾಣಪುರಕ್ಕೆ ಓಡಿದ. ಡ್ರಮ್ಮು ಕಟ್ಟಿಕೊಂಡು ತಿರುಗಿ ಓಡಿ ಬಂದ. ಕಟ್ಟೆ ಹತ್ತಿ ಬಾರಿಸತೊಡಗಿದ. ಅಷ್ಟು ವರ್ಷಗಳ ಬಾಕಿ ಪೆಟ್ಟುಗಳನ್ನೆಲ್ಲ ಒಟ್ಟಿಗೆ ಬಾರಿಸಿದ. ಉಡುಪಿಯಿಂದ ಬಂದ ಬಸ್ಸು ತಾನಾಗಿ ನಿಂತಿತು, ಕೋಳಿಗಳು ಬುಟ್ಟಿಯೊಳಗೇ ಮೊಟ್ಟೆ ಇಟ್ಟವು, ಬಾರ್ಕೂರಿನಲ್ಲಿ ಆ ದಿನ ಎಳನೀರು ಕೂಡ ಉಳಿಯಲಿಲ್ಲ. ಸಂತೆಗೆ ಸಂತೆಯೇ ಕಟ್ಟೆಯ ಸುತ್ತ ಸೇರಿತು. ಮೊಟ್ಟೆ ಮಾರಲಿಕ್ಕೆ ಬಂದಿದ್ದ ಸೆಲೀನಳೂ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬಂದು ನಿಂತಳು.

‘ಓದು ಮಾರಾಯ, ಓದು!’ ಎಂದು ಜನ ಕೂಗಿದರು.

ಬದ್ರುದ್ದೀನ್ ಪುಸ್ತಕವನ್ನು ಕೊಡಲಿಲ್ಲ. ಅಷ್ಟು ಹೊತ್ತಿನಲ್ಲಿ ಸಂತೆಗೆ ಬಂದ ಒಬ್ಬ ಗುಮಾಸ್ತನಿಂದ ಅವನು ಓದಿಸಿಕೊಂಡಿದ್ದ. ‘ಪೊರ್ಬುಗಳೇ, ಮನೆಗೆ ಹೋಗಿ ಓದುವ’ ಎಂದ.

‘ಮನೆಯಲ್ಲಿ ಎಂತಕ್ಕೆ? ಎಲ್ಲರೂ ಕೇಳಲಿ!’

ಇಮ್ಯಾನುಯೆಲ್ ಪುಸ್ತಕ ಕಿತ್ತುಕೊಂಡು ಓದಿದ. ಇಂಗ್ಲಿಷಿನಲ್ಲಿ ಓದಿ, ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿದ. ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿದ. ಮರೀನಾ ಎಂಬ ಹಡಗು ಎಲ್ಲಿದೆ, ಅದರಲ್ಲಿದ್ದ ಭಾರತೀಯರ ಕುಟುಂಬಗಳಿಗೆ ಸರಕಾರ ಏನು ತಿಳಿಸಿದೆ? ಉತ್ತರ ಬಂದಾಗ ಸ್ವರ ಸಣ್ಣದಾಯಿತು. ಹಡಗು ಹೊರದೇಶದ್ದು, ಅದರ ವಿಷಯ ಸರಕಾರಕ್ಕೆ ತಿಳಿದಿಲ್ಲ. ಎರಡನೆಯದಕ್ಕೆ, ಪ್ರಶ್ನೆಯೇ ಉದ್ಭವಿಸುವುದಿಲ್ಲ.

‘ಅಷ್ಟೆಯಾ?’ ಎಂದು ಯಾರೋ ಕೇಳಿದರು.

ಅವನು ಪುಟ ತಿರುಗಿಸಿ ನೋಡಿದ. ಅಲ್ಲಿ ಗೋಣಿಚೀಲದ ಬೆಲೆಯ ಪ್ರಶ್ನೆ ಇತ್ತು.

ಸೆಲೀನ್ ಮೊಟ್ಟೆಯ ಬುಟ್ಟಿಯೊಂದಿಗೆ ಮನೆಯ ಕಡೆಗೆ ನಡೆದಳು. ಬಸ್ಸಿನವನು ಹಾರ್ನ್ ಹಾಕಿದ, ಜನ ದಾರಿ ಬಿಟ್ಟರು, ಸಂತೆ ಮತ್ತೆ ಸಂತೆಯಾಯಿತು.

ಮಾರನೆಯ ವಾರ ಇಮ್ಯಾನುಯೆಲನೂ ಬದ್ರುದ್ದೀನನೂ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದರು. ಪ್ರಶ್ನೆ ಕೇಳಿದವರಿಗೆ ಇನ್ನೂ ಏನಾದರೂ ಗೊತ್ತಿರಬಹುದು ಎಂಬ ಆಸೆ. ಕಡಂಬರು ಚಾವಡಿಯಲ್ಲಿ ವೀಳ್ಯ ಹಾಕುತ್ತ ಕುಳಿತಿದ್ದರು. ಮುದುಕರಾಗಿದ್ದರು, ಕಿವಿ ಮಂದವಾಗಿತ್ತು. ಅದಕ್ಕೆ ಯಾರು ಕಾರಣವೆಂದು ನಾನು ಹೇಳುವುದಿಲ್ಲ. ಎಲ್ಲವನ್ನೂ ಪ್ರೀತಿಯಿಂದಲೇ ಕೇಳಿದರು.

‘ಹೌದಾ? ನಾನು ಕೇಳಿದೆನಾ?’ ಎಂದರು. ‘ಕೊನೆಯಲ್ಲಿ ಊರವರು ಹೇಳಿದ್ದನ್ನೆಲ್ಲ ಬರೆದಿಟ್ಟ ಕಾಗದದ ರಾಶಿ ಬಾಕಿ ಇತ್ತು. ಬರೆಯುವ ಹುಡುಗ ಎಲ್ಲದಕ್ಕೂ ನನ್ನ ಸಹಿ ತೆಗೆದುಕೊಂಡು ಹೋಗಿ ಕೊಟ್ಟಿರಬೇಕು.’ ಆಮೇಲೆ ಮುಂದಕ್ಕೆ ಬಗ್ಗಿ ಕುತೂಹಲದಿಂದ ಕೇಳಿದರು: ‘ಸರಕಾರ ಎಂತ ಉತ್ತರ ಕೊಟ್ಟಿತು?’

ಇಮ್ಯಾನುಯೆಲ್ ಹೇಳಿದ. ಕಡಂಬರು ತಲೆಯಾಡಿಸಿದರು. ‘ಹಾಗಾ’ ಎಂದರು. ಇಬ್ಬರಿಗೂ ಬೆಲ್ಲ ನೀರು ಕೊಡಿಸಿದರು.

ಹಿಂದಿರುಗುವ ಬಸ್ಸಿನಲ್ಲಿ ಬದ್ರುದ್ದೀನ್ ಇಬ್ಬರ ಟಿಕೆಟೂ ತಾನೇ ತೆಗೆದ. ಆಮೇಲೆ ಎಂದ: ‘ಒಳ್ಳೆಯ ಮನುಷ್ಯ ಪೊರ್ಬುಗಳೇ. ಕೆಟ್ಟವನಾಗಿದ್ದರೆ ಬೈಯಬಹುದಿತ್ತು.’

ತೆನೆ ಹಬ್ಬ ಬಂತು. ಇಮ್ಯಾನುಯೆಲ್ ಇಗರ್ಜಿಯಿಂದ ತೆನೆ ತಂದ. ಸೆಲೀನ್ ಎಲೆ ಹಾಕಿದಳು. ಒಂದು ಅವನಿಗೆ, ಒಂದು ತನಗೆ. ಅವನು ನೋಡಿದ, ಮೂರನೆಯ ಎಲೆಗೆ ಕಾದ.

‘ಸೆಲೀನ್, ಅವನದ್ದು?’

‘ಇಲ್ಲ ಬಾವ.’

‘ಸತ್ತ ಅಂತ ಸರಕಾರ ಹೇಳಲಿಲ್ಲವಲ್ಲ!’

‘ಇದ್ದಾರೆ ಅಂತ ಹೇಳಿತಾ? ಹುಡುಕುತ್ತೇವೆ ಅಂತಲಾದರೂ ಹೇಳಿತಾ?’

ಸೆಲೀನ್ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು.

‘ನೀವು ಆ ಪೋಸ್ಟರನ್ನು ಪಾದ್ರಿಗಳ ಮುಂದೆ ಹಿಡಿದ ದಿನ ನಾನು ಹಿಂದೆಯೇ ನಿಂತಿದ್ದೆ.’

‘ಗೊತ್ತುಂಟು. ನೀನೂ ಬೇಡುತ್ತಿದ್ದೆ.’

‘ಬೇಡುತ್ತಿದ್ದೆ. ಆ ಮನುಷ್ಯ ಬಾಯಿ ತೆರೆಯದಿರಲಿ ಅಂತ. ಅವರು ಕೇಳದಷ್ಟು ದಿನ ಉತ್ತರ ಬರುವುದಿಲ್ಲ. ಉತ್ತರ ಬರದಷ್ಟು ದಿನ ನಾನು ಎಲೆ ಹಾಕಬಹುದು. ನೀವು ಪ್ರತಿ ಸಲ ಅಂಗಡಿಯಿಂದ ಬಂದು ಅವರು ಮಾತಾಡಲಿಲ್ಲ ಅನ್ನುವಾಗ ನನಗೆ ಅನ್ನ ಸೇರುತ್ತಿತ್ತು ಬಾವ.’

ಇಮ್ಯಾನುಯೆಲ್ ಗೋಡೆಗೆ ಒರಗಿಸಿದ ಡ್ರಮ್ಮನ್ನು ನೋಡುತ್ತ ಕುಳಿತ. ಅಷ್ಟು ವರ್ಷ ಅವಳಿಗಾಗಿಯೇ ಓದಿದ್ದೇನೆ ಎಂದುಕೊಂಡಿದ್ದ.

ಆಶೀರ್ವದಿಸಿದ ವಸ್ತುವನ್ನು ಎಸೆಯುವ ಹಾಗಿಲ್ಲ. ಸುಡಬೇಕು, ಇಲ್ಲವೇ ಮಣ್ಣಿನಲ್ಲಿ ಹೂಳಬೇಕು. ಊಟವಾದ ಮೇಲೆ ಸೆಲೀನ್ ಬಿಸ್ಕತ್ತಿನ ಡಬ್ಬಿಯನ್ನು ತಂದಳು. ಹಿತ್ತಿಲಿನಲ್ಲಿ, ಬಾವಿಯಿಂದ ಸ್ವಲ್ಪ ದೂರದಲ್ಲಿ ಇಮ್ಯಾನುಯೆಲ್ ಹೊಂಡ ತೋಡಿದ. ಸುದ್ದಿ ತಿಳಿದು ಬದ್ರುದ್ದೀನನೂ ಅಂಗಡಿ ಮುಚ್ಚಿ ಬಂದು ಟೊಪ್ಪಿ ಸರಿಮಾಡಿಕೊಂಡು ದೂರ ನಿಂತ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಕಾಳನ್ನು ಸುರಿದರು. ಹಳೆಯ ಗಂಟುಗಳಲ್ಲಿ ಹುಳ ಹಿಡಿದು ಹೊಟ್ಟು ಮಾತ್ರ ಉಳಿದಿತ್ತು. ಸೆಲೀನ್ ಮೊದಲ ಹಿಡಿ ಮಣ್ಣು ಹಾಕಿದಳು, ಒಳಗೆ ಹೋಗಿ ವಿಧವೆಯ ಕಪ್ಪು ಸೀರೆ ಉಟ್ಟಳು.

‘ಬಾರಿಸುವುದಿಲ್ಲವಾ ಪೊರ್ಬುಗಳೇ?’ ಎಂದು ಬದ್ರುದ್ದೀನ್ ಮೆಲ್ಲಗೆ ಕೇಳಿದ. ಕಲ್ಯಾಣಪುರದಲ್ಲಿ ಯಾರನ್ನು ಮಣ್ಣು ಮಾಡಿದರೂ ಇಮ್ಯಾನುಯೆಲನ ಡ್ರಮ್ಮು ಮುಂದೆ ಹೋಗದೆ ಆಗುತ್ತಿರಲಿಲ್ಲ.

ಇಮ್ಯಾನುಯೆಲ್ ತಲೆಯಾಡಿಸಿ ಬೇಡವೆಂದ. ಗುದ್ದಲಿಯ ಹಿಂಭಾಗದಿಂದ ಮಣ್ಣನ್ನು ತಟ್ಟಿ ಸಮ ಮಾಡಿದ.

ಮುಂದೆ ಹದಿನೈದು ದಿನ ಒಳ್ಳೆಯ ಮಳೆ ಬಂತು. ಕಲ್ಯಾಣಪುರದ ಮಣ್ಣಿಗೆ ಊರುಗೋಲು ಚುಚ್ಚಿದರೂ ಚಿಗುರುತ್ತದೆ ಎಂದು ನಾನೇ ಎಷ್ಟೋ ಕಡೆ ಹೇಳಿದ್ದೇನೆ. ಆ ಹೊಂಡದ ಮೇಲೆ ಮಾತ್ರ ಹುಲ್ಲು ಕೂಡ ಏಳಲಿಲ್ಲ. ಕಾಳು ಹೂಳಿದ ಆ ದಿನ ಬಾರ್ಕೂರಿನಲ್ಲಿ ಒಂದು ಕಾಯಿಯೂ ಬೀಳಲಿಲ್ಲ.